ದೇವರನ್ನು ಪರೀಕ್ಷೆಗೆ ಕೂರಿಸಿದ ಡ್ರೈವರ್

ಯಾವ ಧರ್ಮವನ್ನೇ ಆಗಲಿ ಪರೀಕ್ಷಿಸಿಯೇ ಒಪ್ಪಬೇಕು ಅಂತ ಜತ್ತದ ಕಾಲೇಜಿನಲ್ಲಿ ಭಾಷಣ ಬಿಗಿದು ಉಟಗಿಗೆ ಹೋಗುವ ಜೀಪು ಹತ್ತಿದ್ದೆ. ಡ್ರೈವರನ ಮುಂದೆ ಶಿವ, ಬೀರಪ್ಪ, ದರ್ಗಾ, ಏಸು, ಎಲ್ಲರ ಫೋಟೋ. ಸುಮ್ಮನಿರಲಾರದೆ ಕೇಳಿದೆ: "ಇವರಾಗ ಖರೇ ದೇವ್ರು ಯಾರಪಾ?"

"ತಿಂಗಳಿಗೊಬ್ಬರನ್ನ ಇಟ್ಟು ನೋಡೀನ್ರಿ ಸರ್. ಎಲ್ಲಾರ ಪಾಳಿಯಾಗೂ ಗಾಡಿ ಎಲ್ಲ್ಯರೆ ತಾಗೈತಿ. ಯಾರೂ ಇಲ್ಲದ ತಿಂಗಳ ಒಂದು ಗೀರೂ ಬಿದ್ದಿಲ್ಲ."

ನಾನು ದಂಗಾದೆ. "ಅದ್ಹೆಂಗ?"

"ಕಾಯೋರು ಇಲ್ಲಂತ ಅಂಜಿ ಸಾವಕಾಶ ಹೊಡದೀನ್ರಿ."

"ಮತ್ತ ಯಾಕ ಇಟ್ಟೀ?"

"ದೇವ್ರಿಲ್ಲದ ಗಾಡಿ ಯಾರ ಹತ್ತತಾರ್ರಿ?"

ಹಾಗಂದವನೇ ಇಳಿಜಾರಿನಲ್ಲಿ ಸ್ಟೇರಿಂಗ್ ಬಿಟ್ಟು, ಎರಡೂ ಕೈಯೆತ್ತಿ ಎಲ್ಲರಿಗೂ ಮುಗಿದು, ಗಾಡಿ ಜೋರು ಮಾಡಿದ.

ಜನ್ಮದಲ್ಲಿ ಮೊದಲ ಸಲ ನಾನೂ ಕೈ ಜೋಡಿಸಿದೆ: ದೇವ್ರೇ, ಆ ಫೋಟೋ ಅಷ್ಟು ತಗಸಪಾ.