ವರ್ನಿಯರ್ ಹಿಡಿದು ಹೊಸೆದ ಊದಿನಕಡ್ಡಿ

ಫಸ್ಟ್ ಶಿಫ್ಟಿಗೆಂದು ಹೋದ ನಮ್ಮ ಯಜಮಾನರು ಅಂದು ಎಂಟು ಗಂಟೆಗೇ ಮನೆಗೆ ಬಂದರು. ಡಬ್ಬಿಯಲ್ಲಿ ನಾನು ಹಾಕಿಕೊಟ್ಟಿದ್ದ ಚಿತ್ರಾನ್ನ ಇನ್ನೂ ಬೆಚ್ಚಗಿತ್ತು. "ಫ್ಯಾಕ್ಟ್ರಿಗೆ ಬೀಗ ಹಾಕಿದಾರೆ, ಲಾಕೌಟ್ ಅಂತೆ," ಎಂದಷ್ಟೇ ಹೇಳಿ, ಗೋಡೆಗೊರಗಿ ಕೂತು, ಅದೇ ಡಬ್ಬಿ ಬಿಚ್ಚಿ ಪೂರ್ತಿ ತಿಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮದುವೆಯಾಗಿ ಎರಡು ವರ್ಷ, ಮಡಿಲಲ್ಲಿ ಏಳು ತಿಂಗಳ ಮಗಳು, ಮನೆಗೆ ಬರುತ್ತಿದ್ದದ್ದು ಅವರ ಸಂಬಳವೊಂದೇ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ಬಾಗಲಗುಂಟೆಯಲ್ಲಿ, ರೈತರೊಬ್ಬರು ಬಾಡಿಗೆಗೆಂದು ಸಾಲಾಗಿ ಕಟ್ಟಿಸಿದ್ದ ಶೀಟಿನ ಮನೆಗಳಲ್ಲಿ ಕೊನೆಯದರಲ್ಲಿ. ಅದರಾಚೆ ಅವರದೇ ರಾಗಿ ಹೊಲ. ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಟರ್ನರ್. ಲೇತ್ ಮುಂದೆ ನಿಂತು ಕಬ್ಬಿಣವನ್ನು ಕೂದಲೆಳೆಯ ಲೆಕ್ಕದಲ್ಲಿ ಹೆರೆಯುವ ಕೆಲಸ. ಆ ಕೂದಲೆಳೆಯ ಬುದ್ಧಿ ಮನೆಗೂ ಬರುತ್ತಿತ್ತು. ಚಪಾತಿ ದುಂಡಗಿಲ್ಲ ಎಂದು ಹೇಳಿ, ಮದುವೆಯ ಹೊಸದರಲ್ಲೇ ನನ್ನಿಂದ ಮಂಗಳಾರತಿ ಮಾಡಿಸಿಕೊಂಡ ಮನುಷ್ಯ.

ಹದಿನೈದು ದಿನ ಸೈಕಲ್ಲಿನಲ್ಲಿ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಅಲೆದರು. ಎಲ್ಲ ಕಡೆ ಕೆಲಸ ಖಾಲಿ ಇಲ್ಲ ಎಂಬ ಬೋರ್ಡು. ಮನೆಯಲ್ಲಾದರೂ ಸುಮ್ಮನೆ ಕೂರಬಾರದೆ? ಸ್ಟೌ ಬಿಚ್ಚಿ ಜೋಡಿಸಿದರು. ಕಿಟಕಿಯ ಚಿಲಕ ಬಿಚ್ಚಿ ಜೋಡಿಸಿದರು. ಸಾಲಿನ ಹೆಂಗಸರೆಲ್ಲ ಕೆಟ್ಟ ಟಾರ್ಚು, ಕುಕ್ಕರಿನ ಹಿಡಿ ತಂದು ಮುಂದಿಟ್ಟರು. ಬಿಟ್ಟಿ ರಿಪೇರಿ ಅಂದರೆ ಯಾರಿಗೆ ಬೇಡ!

ಒಂದು ಸಂಜೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಮುಖ ನೋಡದೆ ಹೇಳಿದರು: "ನಿಮ್ಮಣ್ಣಂಗೆ ಲೆಟರ್ ಹಾಕಿದ್ದೀನಿ. ಕೆಲಸ ಸಿಗೋವರ್ಗೂ ನೀನೂ ಪಾಪೂ ಊರಲ್ಲಿರಿ. ನಾನು ಹೇಗೋ ಇರ್ತೀನಿ."

"ನನ್ನ ಒಂದು ಮಾತು ಕೇಳದೇನೇ ಹಾಕ್ಬಿಟ್ರಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಸಿಟ್ಟು ನೆತ್ತಿಗೇರಿತು. ಬೇಡ ಎನ್ನುತ್ತಿದ್ದೆ, ನಿಜ. ತವರಿಗೆ ಹೋಗುವುದು ಬೇರೆ, ತವರಿಗೆ ಕಳಿಸಿಬಿಡುವುದು ಬೇರೆ. ನಮ್ಮ ಸಾಲಿನಲ್ಲೇ ಒಬ್ಬಳು ಹೀಗೆ ಎರಡು ತಿಂಗಳಿಗೆಂದು ಹೋದವಳು ಎರಡು ಯುಗಾದಿ ಕಳೆದರೂ ಬಂದಿರಲಿಲ್ಲ. ಅವಳ ಗಂಡ ಹೋಟೆಲ್ ಊಟಕ್ಕೆ ಒಗ್ಗಿಹೋಗಿದ್ದ. ನನಗೆ ಹಸಿವಿನ ಭಯವಿರಲಿಲ್ಲ, ಹೀಗೆ ಒಗ್ಗಿಹೋಗುವುದರ ಭಯವಿತ್ತು. ವಾರದಲ್ಲಿ ಅಣ್ಣನ ಉತ್ತರ ಬಂತು: ರಾಗಿ ಕುಯ್ಲು ಮುಗಿದ ಕೂಡಲೇ ಬಂದು ಕರೆದುಕೊಂಡು ಹೋಗುತ್ತೇನೆ. ನಾನು ಮನೆಯ ಹಿಂದಕ್ಕೆ ಹೋಗಿ ಓನರ ಹೊಲ ನೋಡಿದೆ. ತೆನೆ ಆಗಲೇ ಕಂದು ತಿರುಗುತ್ತಿತ್ತು. ಹೆಚ್ಚೆಂದರೆ ಒಂದು ತಿಂಗಳು.

ಹೊಲದಲ್ಲಿದ್ದ ಮಾಲೀಕರ ಹೆಂಡತಿ, ನಾವೆಲ್ಲ ಓನರಮ್ಮ ಎನ್ನುತ್ತಿದ್ದವರು, ನನ್ನ ಮುಖ ನೋಡಿಯೇ ವಿಷಯ ಹೊರಗೆಳೆದರು. "ಇಂಗೆ ಅಳ್ತಾ ನಿಂತ್ರೆ ಏನಾಯ್ತದವ್ವ? ಕುಂತು ಉಣ್ಣೋನಿಗೆ ಕುಡಿಕೆ ಒನ್ನು ಸಾಲ್ದು. ಊದಿನಕಡ್ಡಿ ಒಸೆಯೋ ಕೆಲ್ಸ ಐತೆ, ಕೊಡಿಸ್ತೀನಿ," ಎಂದು ತಮ್ಮ ಹಳೆಯ ಮಣೆಯನ್ನೇ ಕೊಟ್ಟರು.

ಊದಿನಕಡ್ಡಿ ಕಂಪನಿಯ ಮೇಸ್ತ್ರಿ ವಾರಕ್ಕೊಮ್ಮೆ ಬಂದು ಬಿದಿರುಕಡ್ಡಿ, ಇದ್ದಿಲಪುಡಿ, ಅಂಟಿನ ಪುಡಿ ಕೊಟ್ಟು, ಹೊಸೆದು ಒಣಗಿಸಿದ ಕಡ್ಡಿ ಒಯ್ಯುತ್ತಿದ್ದ. ಪುಡಿಯನ್ನು ನೀರಲ್ಲಿ ಕಲಸಿ, ಆ ಕಪ್ಪು ಹಿಟ್ಟಿನ ಚೂರನ್ನು ಕಡ್ಡಿಗೆ ಹಚ್ಚಿ ಮಣೆಯ ಮೇಲೆ ಅಂಗೈಯಲ್ಲಿ ಉರುಳಿಸಬೇಕು. ನೋಡಲು ಸುಲಭ. ಮೊದಲ ದಿನ ನನ್ನವೆಲ್ಲ ಇಲಿ ನುಂಗಿದ ಹಾವಿನ ಹಾಗಿದ್ದವು.

ಹೆಂಗಸರ ಕೆಲಸವೆಂದು ದೂರ ಕೂತಿದ್ದ ಯಜಮಾನರಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಮೂರನೇ ದಿನ ಪೆಟ್ಟಿಗೆಯಿಂದ ತಮ್ಮ ವರ್ನಿಯರ್ ತೆಗೆದರು. ಅದು ಕಾರ್ಖಾನೆಯಲ್ಲಿ ಕಬ್ಬಿಣದ ದಪ್ಪ ಅಳೆಯುವ ಸಾಧನ. ನನ್ನ ಕಡ್ಡಿಗಳನ್ನು ಒಂದೊಂದಾಗಿ ಅದರ ಬಾಯಿಗೆ ಕೊಟ್ಟು, "ಇದು ರಿಜೆಕ್ಟ್. ಇದೂ ರಿಜೆಕ್ಟ್," ಎನ್ನತೊಡಗಿದರು.

"ನೀವೇ ಹೊಸೀರಿ, ನೋಡೇಬಿಡೋಣ," ಎಂದು ಮಣೆಯನ್ನು ಅತ್ತ ತಳ್ಳಿದೆ.

ಹೊಸೆದರು ನೋಡಿ! ಒತ್ತಿ ಒತ್ತಿ ಉರುಳಿಸಿ, ಅಳೆದು, ಮತ್ತೆ ಉರುಳಿಸಿ, ವಾರ ಮುಗಿಯುವವರೆಗೂ ಅದೇ ಧ್ಯಾನ. ಒಂದಕ್ಕೂ ಇನ್ನೊಂದಕ್ಕೂ ಎಳ್ಳಷ್ಟು ವ್ಯತ್ಯಾಸವಿಲ್ಲ, ಕನ್ನಡಿಯಂಥ ನುಣುಪು. ನನಗೆ ಹೊಟ್ಟೆಕಿಚ್ಚಾಗಿ ನನ್ನ ಕಡ್ಡಿಗಳನ್ನು ಮೂಲೆಗೆ ಸರಿಸಿದೆ.

ಮೇಸ್ತ್ರಿ ಬಂದವನೇ ಕಣ್ಣರಳಿಸಿದ. ಒಂದನ್ನು ಹಚ್ಚಿದ. ಅದು ಒಂದು ಅಂಗುಲ ಉರಿದು ಆರಿಹೋಯಿತು. ಇನ್ನೊಂದು ಹಚ್ಚಿದ, ಅದೂ ಅಷ್ಟೇ. ಮೂರನೆಯದು ಹೊತ್ತಲೇ ಇಲ್ಲ.

"ಸಾರ್, ಇದನ್ನ ಶೋಕೇಸಲ್ಲಿಡಿ, ದೇವ್ರ ಮುಂದೆ ಬೇಡ. ಇಷ್ಟು ಬಿಗಿಯಾಗಿ ಒತ್ತಿದ್ರೆ ಉಸಿರು ಎಲ್ಲಿ ಆಡುತ್ತೆ? ಮುಂದಿನ ವಾರಾನೂ ಹಿಂಗೇ ಆದ್ರೆ ನಾನು ಪುಡಿ ಕೊಡಲ್ಲ," ಎಂದು, ನನ್ನ ಸೊಟ್ಟ ಕಡ್ಡಿಗಳನ್ನು ಮಾತ್ರ ಕಟ್ಟಿಕೊಂಡು ಹೋದ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿಸಿ ಅವರ ಕಡೆ ತಿರುಗಿದರೆ, ಅವರು ತಮ್ಮ ಅಂಗೈಗಳನ್ನೇ ನೋಡುತ್ತ ಕೂತಿದ್ದರು. "ಇದೂ ನನ್ನ ಕೈಲಿ ಆಗಲಿಲ್ಲ," ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಕ್ಕಿದ್ದಕ್ಕೆ ನಾಚಿಕೆಯಾಯಿತು. ಅವರ ಕೈಯನ್ನು ಮಣೆಯ ಮೇಲಿಟ್ಟು, ಮೇಲೆ ನನ್ನ ಕೈಯಿಟ್ಟು ಉರುಳಿಸಿದೆ. "ಒತ್ತಬೇಡಿ. ಪಾಪು ಬೆನ್ನು ಸವರ್ತೀರಲ್ಲ, ಅಷ್ಟೇ ಸಾಕು."

ಎರಡು ದಿನಕ್ಕೆ ಕಲಿತರು. ನನಗಿಂತ ಬೇಗ ಹೊಸೆಯತೊಡಗಿದರು ಎಂಬುದನ್ನು ಇಷ್ಟು ವರ್ಷವಾದರೂ ಅವರ ಮುಂದೆ ಒಪ್ಪಿಕೊಂಡಿಲ್ಲ. ಮೇಸ್ತ್ರಿ ಎರಡರಷ್ಟು ಪುಡಿ ತರತೊಡಗಿದ. ಗಂಜಿಗೇನೂ ತೊಂದರೆಯಿರಲಿಲ್ಲ. ಆದರೆ ಅಣ್ಣನಿಗೆ ಬರಬೇಡ ಎಂದು ಇವರು ಬರೆಯಲೂ ಇಲ್ಲ, ಬರೆಯಿರಿ ಎಂದು ನಾನು ಕೇಳಲೂ ಇಲ್ಲ. ನನ್ನನ್ನು ಕೇಳದೆ ಕರೆಸಿದವರು, ನನ್ನಿಂದ ಹೇಳಿಸಿಕೊಳ್ಳದೆಯೇ ನಿಲ್ಲಿಸಲಿ ಎಂಬ ಹಟ. ಅಷ್ಟರಲ್ಲಿ ಹಿಂದಿನ ಹೊಲ ಬೋಳಾಯಿತು.

ಅಣ್ಣ ಬಂದದ್ದು ಬೆಳಗಿನ ಹತ್ತು ಗಂಟೆಗೆ, ಹೆಗಲ ಮೇಲೆ ಹೊಸ ರಾಗಿಯ ಚೀಲ ಹೊತ್ತು. ನಾವಿಬ್ಬರೂ ಎದುರುಬದುರು ಕೂತು ಹೊಸೆಯುತ್ತಿದ್ದೆವು. ಅವನು ನಮ್ಮ ಅವತಾರವನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ, "ಬಟ್ಟೆ ಗಂಟು ಕಟ್ಕೊಳವ್ವ, ಮದ್ಯಾನದ ಬಸ್ಸಿಗೆ ಓಗಾನ," ಎಂದ.

ನಾನು ತಲೆಯೆತ್ತದೆ ಕಡ್ಡಿ ಹೊಸೆಯುತ್ತಲೇ ಇದ್ದೆ. ಇವರು ಹೂಂ ಎಂದಿದ್ದರೆ ಎದ್ದು ಹೋಗಿಯೇಬಿಡುತ್ತಿದ್ದೆ.

"ತಪ್ಪಾಯ್ತು ಭಾವ," ಎಂದರು ಇವರು. "ಇವಳ್ನ ಕೇಳದೆ ಲೆಟರ್ ಹಾಕ್ಬಿಟ್ಟೆ. ಇವಳು ಹೊರಟೋದ್ರೆ ನನ್ನ ಕೈಲಿ ಆಗಲ್ಲ."

"ಏನು, ಕಡ್ಡಿ ಒಸೆಯಾಕಾ?"

"ಅಲ್ಲ ಭಾವ. ಇರೋಕೆ."

ಅಣ್ಣ ರಾಗಿ ಚೀಲವನ್ನು ಕೆಳಗಿಳಿಸಿ, ಕಾಲು ತೊಳೆಯಲು ನೀರು ಕೇಳಿದ. ನಾನು ನೀರು ತರುವ ನೆಪದಲ್ಲಿ ಒಳಗೆ ಹೋಗಿ ಚೆನ್ನಾಗಿ ಅತ್ತೆ. ಕಣ್ಣೊರೆಸಿಕೊಂಡು ಚೊಂಬು ಹಿಡಿದು ಹೊರಗೆ ಬಂದಾಗ ನನ್ನ ಮುಖವೆಲ್ಲ ಇದ್ದಿಲು ಮೆತ್ತಿಕೊಂಡಿತ್ತಂತೆ, ಇಬ್ಬರೂ ನಕ್ಕರು. ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ಅಣ್ಣ ಒಬ್ಬನೇ ಹೋದ.