ಮಮ್ಮಿ ಮುಟ್ಟಿ ನೋಡಿದ ಟ್ರ್ಯಾಕ್ಟರ್

ಪಕ್ಕದ ಗದ್ದೆಯವರು ಬೆಳಿಗ್ಗೆ ಟಿಲ್ಲರ್ ಚಾಲೂ ಮಾಡಿದರೆ ಸಾಕು, ಡೀಸೆಲ್ ಹೊಗೆ ನೇರ ನನ್ನ ಅಡುಗೆಮನೆಯ ಕಿಟಕಿಗೆ ಬರುತ್ತದೆ. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಓಡಿ ಬರುತ್ತಾರೆ. ನಾನು ಮಾತ್ರ ಸೌಟು ಹಿಡಿದುಕೊಂಡು ಉಸಿರೆಳೆಯುತ್ತ ನಿಂತುಬಿಡುತ್ತೇನೆ. "ಇದೆಂತ ಹುಚ್ಚು ಮಾರಾಯ್ತಿ ನಿಂದು?" ಎಂದು ಗಂಡ ನಗುತ್ತಾರೆ. ಹುಚ್ಚೇ ಇರಬೇಕು. ಆ ಹೊಗೆಯ ಹಿಂದೆಯೇ ಆಗಷ್ಟೇ ಕೊಯ್ದ ಮೇವಿನ ಹಸಿ ವಾಸನೆ, ಕರುಗಳ ಮೈಯ ಬೆಚ್ಚನೆ ವಾಸನೆ, ಫ್ಲಾಸ್ಕಿನಿಂದ ಬಗ್ಗಿಸಿದ ಏಲಕ್ಕಿ ಚಹಾದ ಪರಿಮಳ ಒಂದೊಂದಾಗಿ ಬಂದು ನನ್ನ ಸುತ್ತ ನಿಲ್ಲುತ್ತವೆ. ಇದೆಲ್ಲ ಕುವೈತಿನದು ಎಂದರೆ ಯಾರೂ ನಂಬುವುದಿಲ್ಲ. ಮರಳಿನ ದೇಶದಲ್ಲಿ ಕರು ಎಲ್ಲಿಂದ, ಮೇವು ಎಲ್ಲಿಂದ ಎನ್ನುತ್ತಾರೆ. ನಾವಿದ್ದ ಮನೆಯ ಅಂಗಳದಲ್ಲಿ ಎಲ್ಲವೂ ಇತ್ತು. ಆ ಮನೆ ಈಗ ಇಲ್ಲ. ನಿಮಗೂ ಹಾಗೆ ಇಲ್ಲದೇ ಹೋದ ಮನೆಯೊಂದಿದ್ದರೆ, ನಾನು ಯಾಕೆ ಕಿಟಕಿ ಹಾಕಲು ಬಿಡುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

1990ರ ಆರಂಭದಲ್ಲಿ ನನಗೆ ಹತ್ತು ವರ್ಷ. ಕುವೈತಿನ ಫರ್ವಾನಿಯಾದಲ್ಲಿ, ಇಡೀ ದಿನ ಬಸ್ಸು ಓಡಾಡುವ ರಸ್ತೆಯ ಮೇಲೆ, ಒಂದು ಕೋಣೆಯ ಫ್ಲ್ಯಾಟಿನಲ್ಲಿ ಪಪ್ಪ, ಮಮ್ಮಿ, ನಾನು ಇದ್ದೆವು. ಪಪ್ಪ ಎಸಿ ರಿಪೇರಿ ಮಾಡುತ್ತಿದ್ದರು. ಅಂಗಡಿ ಅವರ ಕಫೀಲರದು, ಅಂದರೆ ಪಪ್ಪನನ್ನು ಆ ದೇಶಕ್ಕೆ ಕರೆಸಿಕೊಂಡು ಅಲ್ಲಿರಲು ಬೇಕಾದ ಪರವಾನಗಿಗೆ, ಅಂದರೆ ಇಕಾಮಾಕ್ಕೆ, ಸಹಿ ಹಾಕುವ ಯಜಮಾನರದು. ಬಿಳಿ ಗಡ್ಡದ, ಹೊಟ್ಟೆ ಕುಲುಕಿಸಿ ನಗುವ ಆ ಮುದುಕರನ್ನು ನಾವೆಲ್ಲ ಬಾಬಾ ಎನ್ನುತ್ತಿದ್ದೆವು. ಪಪ್ಪನಿಗೊಂದು ಅಭ್ಯಾಸವಿತ್ತು, ಗಲ್ಫಿಗೆ ಹೋದ ನಮ್ಮ ಕಡೆಯ ಗಂಡಸರಿಗೆಲ್ಲ ಇದ್ದದ್ದೇ ಅದು. ಕಫೀಲ್ ಏನು ಕೇಳಿದರೂ ಗೊತ್ತಿಲ್ಲ ಎನ್ನಬಾರದು. ಗೊತ್ತಿಲ್ಲ ಎಂದವನನ್ನು ಊರಿಗೆ ಕಳಿಸಿ ಗೊತ್ತಿದ್ದವನನ್ನು ಕರೆಸುತ್ತಾರೆ ಎಂಬ ಹೆದರಿಕೆ. ನೀರಿನ ಪಂಪು ಗೊತ್ತಾ? "ಐವಾ ಬಾಬಾ", ಗೊತ್ತು. ಹೊಲಿಗೆ ಮೆಷಿನ್ ಗೊತ್ತಾ? ಐವಾ. ಒಮ್ಮೆ ಬಾಬಾ ಸಾಕಿದ ಬೇಟೆಯ ಗಿಡುಗ ತಿನ್ನುವುದು ಬಿಟ್ಟಾಗ ಅದರ ಕಾಯಿಲೆಯೂ ಪಪ್ಪನಿಗೆ ಗೊತ್ತಿತ್ತು! ಪುಣ್ಯಕ್ಕೆ ಹಕ್ಕಿ ತಾನಾಗಿ ಚೇತರಿಸಿಕೊಂಡಿತು, ಪಪ್ಪನ ಹೆಸರು ಇನ್ನೂ ದೊಡ್ಡದಾಯಿತು.

ಆ ಚಳಿಗಾಲದಲ್ಲಿ ಬಾಬಾ ಅಂಗಡಿ ಮುಚ್ಚುವುದೆಂದು ತೀರ್ಮಾನಿಸಿದರು. ಶಾಲೆ ಮುಗಿದೊಡನೆ ಮಮ್ಮಿ ಮತ್ತು ನಾನು ಊರಿಗೆ, ಪಪ್ಪ ಐದಾರು ಗಂಡಸರ ಜೊತೆ ಯಾವುದಾದರೂ ರೂಮಿಗೆ ಎಂದು ಮನೆಯಲ್ಲಿ ಮಾತಾಯಿತು. ಮಮ್ಮಿ ಅಟ್ಟದಿಂದ ಕಬ್ಬಿಣದ ಟ್ರಂಕು ಇಳಿಸಿ ಮಂಚದ ಪಕ್ಕ ಇಟ್ಟಳು. ಅದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಆಗ ಒಂದು ಸಂಜೆ ಪಪ್ಪ ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಬಂದರು. ಜಹ್ರಾದ ಆಚೆ ಬಾಬಾರಿಗೆ ಒಂದು ಸಣ್ಣ ತೋಟವಿತ್ತು. ಅಲ್ಲಿ ಮಾಂಸಕ್ಕೆಂದು ಹದಿನಾಲ್ಕು ಕರುಗಳನ್ನು ಸಾಕಿದ್ದರು. ನೀರಿನ ಟ್ಯಾಂಕ್ ಎಳೆಯಲು, ಮೇವಿನ ಹೊಲ ಉಳಲು, ಮೇವು ಕತ್ತರಿಸುವ ಯಂತ್ರ ತಿರುಗಿಸಲು ಒಂದು ಹಳೆಯ ಟ್ರ್ಯಾಕ್ಟರ್ ಬೇಕು. ಒಳ್ಳೆಯದನ್ನು ಆರಿಸಿಕೊಟ್ಟರೆ ತೋಟ ಪಪ್ಪನ ವಶಕ್ಕೆ. ಅಲ್ಲಿರುವ ಎರಡು ಕೋಣೆಯ ಮನೆ ನಮಗೆ. ಕೆಟ್ಟದು ಗಂಟುಬಿದ್ದರೆ ಕರುಗಳನ್ನು ಮಾರಿ ತೋಟಕ್ಕೂ ಖಲಾಸ್ ಎಂದಿದ್ದರು ಬಾಬಾ.

"ನಿಮಗೆ ಟ್ರ್ಯಾಕ್ಟರ್ ಗೊತ್ತುಂಟು ಅಂತ ಹೇಳಿದಿರಾ?" ಎಂದಳು ಮಮ್ಮಿ. ಪಪ್ಪ ಷರಟಿನ ಗುಂಡಿ ಬಿಚ್ಚತೊಡಗಿದರು. ಮಮ್ಮಿ ಬಿಡಲಿಲ್ಲ. "ಅದರ ಬ್ರೇಕ್ ಎಲ್ಲಿರ್ತದೆ ಅಂತಾದ್ರೂ ಗೊತ್ತುಂಟಾ?"

"ಕಾಲಿನ ಹತ್ರ ಎಲ್ಲಿಯಾದ್ರೂ ಇರ್ತದೆ ಹಿಲ್ಡಾ," ಎಂದರು ಪಪ್ಪ.

ಮುಂದಿನ ಶುಕ್ರವಾರ, ಪೂಜೆ ಮುಗಿದೊಡನೆ, ಬಾಬಾ ತಮ್ಮ ದೊಡ್ಡ ಗಾಡಿಯೊಂದಿಗೆ ಚರ್ಚಿನ ಗೇಟಿಗೇ ಬಂದುಬಿಟ್ಟರು. ಅಲ್ಲಿ ರಜೆಯ ದಿನ ಶುಕ್ರವಾರವಾದ್ದರಿಂದ ನಮ್ಮ ಭಾನುವಾರದ ಪೂಜೆಯೂ ಅಂದೇ. ನಮ್ಮನ್ನು ಮನೆಗೆ ಬಿಡಲು ಸಮಯವಿಲ್ಲ, "ಯಲ್ಲಾ, ಎಲ್ಲರೂ ಹತ್ತಿ" ಎಂದರು. ಹೀಗೆ ಮಮ್ಮಿ ರೇಷ್ಮೆ ಸೀರೆಯಲ್ಲಿ, ನಾನು ಬಿಳಿ ಫ್ರಾಕಿನಲ್ಲಿ, ಹಳೆಯ ಗಾಡಿ ಮಾರುವ ಅಂಗಳಕ್ಕೆ ಇಳಿದೆವು. ಅಂಗಳದ ಮಾಲೀಕ ಒಬ್ಬ ಪಠಾಣ, ಖಾನ್ ಭಾಯಿ. ಎಲ್ಲಕ್ಕೂ ಮುಂದೆ ನಿಲ್ಲಿಸಿದ್ದ ನೀಲಿ ಟ್ರ್ಯಾಕ್ಟರಿಗೆ ಹೊಸದಾಗಿ ಬಣ್ಣ ಹೊಡೆದಿದ್ದರು. ಮದುಮಗನ ಹಾಗೆ ಮಿಂಚುತ್ತಿತ್ತು. ಖಾನ್ ಭಾಯಿ ಕೀಲಿ ತಿರುಗಿಸಿದ್ದೇ ತಡ, ಒಂದೇ ಏಟಿಗೆ ಚಾಲೂ! ಪಪ್ಪ ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಬಂದು, ಎರಡು ಟಯರಿಗೆ ಬೂಟಿನಿಂದ ಒದ್ದು, "ತಮಾಮ್", ಎಲ್ಲ ಸರಿಯಿದೆ ಎಂದು ತಲೆಯಾಡಿಸಿದರು. ಖಾನ್ ಭಾಯಿ ಎಂಜಿನ್ ಆಫ್ ಮಾಡಿ, ಇನ್ನೊಂದು ಸಲ ತಿರುಗಿಸಿ ತೋರಿಸಿದ. ಅದೇ ಏಟು, ಅದೇ ಚಾಲೂ. ಬಾಬಾ ಖುಷಿಯಲ್ಲಿ ಗಡ್ಡ ನೀವಿಕೊಂಡರು.

ಇಲ್ಲಿ ಮಮ್ಮಿಯ ತವರಿನ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಕಿನ್ನಿಗೋಳಿ ಕಡೆಯವಳು. ಅವಳಪ್ಪ ದನ ಕೊಳ್ಳಲು ಹೋದರೆ ಮಾರುವವನಿಗೆ ಮೊದಲೇ ಹೇಳಿ ಹೋಗುತ್ತಿರಲಿಲ್ಲವಂತೆ. ಹೇಳಿದರೆ, ಹಿಂದಿನ ಸಂಜೆಯ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿಸಿ ತೋರಿಸುತ್ತಾರೆ. ಹಾಗಾಗಿ ಹೋದವರೇ ಮೊದಲು ಕೆಚ್ಚಲಿಗೆ ಕೈ ಇಡುತ್ತಿದ್ದರಂತೆ. ಆ ಮಗಳು ಈಗ ಇನ್ನೊಂದು ಟ್ರ್ಯಾಕ್ಟರಿನ ಬಳಿಗೆ ಹೋದಳು. ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದ, ಬಣ್ಣ ಮಾಸಿದ ಸಣ್ಣ ಕೆಂಪು ಟ್ರ್ಯಾಕ್ಟರ್. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಎಂಜಿನ್ನಿಗೆ ಅಂಗೈ ಒತ್ತಿದಳು. ಆಮೇಲೆ ನನ್ನ ಕೈ ಹಿಡಿದು ಅಲ್ಲಿಡಿಸಿದಳು. ಮಂಜುಗಡ್ಡೆ! "ಇನ್ನು ಅದರದ್ದು ಮುಟ್ಟಿ ನೋಡು ಬಾಯೆ," ಎಂದು ನೀಲಿಯದನ್ನು ತೋರಿಸಿದಳು. ನಾನು ಓಡಿ ಹೋಗಿ ಮುಟ್ಟಿ, ಚುರುಕ್ಕೆಂದು ಕೈ ಹಿಂದೆಳೆದೆ. ಎರಡು ನಿಮಿಷ ಓಡಿದ್ದಕ್ಕೆ ಅಷ್ಟು ಬಿಸಿಯಾಗುವುದುಂಟೇ? "ನಾವು ಬರುವ ಮೊದಲೇ ಗಂಟೆಗಟ್ಲೆ ಓಡಿಸಿ ಇಟ್ಟಿದ್ದಾರೆ. ತಣ್ಣಗಿದ್ರೆ ಚಾಲೂ ಆಗ್ಲಿಕ್ಕಿಲ್ಲ ಇದು. ಕೆಚ್ಚಲು ತುಂಬಿಸಿ ತೋರಿಸಿದ ಹಾಗೆ," ಎಂದಳು ಮಮ್ಮಿ.

"ಸುಮ್ಮನಿರು ಹಿಲ್ಡಾ, ಇದೆಂತ ದನವಾ?" ಎಂದು ಪಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದರು. ಬಾಬಾರ ಜೊತೆ ನೇರ ಮಾತಾಡುವ ಪದ್ಧತಿ ಮಮ್ಮಿಗಿರಲಿಲ್ಲ, ಭಾಷೆಯೂ ಬರುತ್ತಿರಲಿಲ್ಲ. ಆದರೆ ನನಗೆ ಶಾಲೆಯಲ್ಲಿ ಅರಬ್ಬಿ ಪಾಠವಿತ್ತು! ಮಂಚದ ಪಕ್ಕದ ಟ್ರಂಕು ಕಣ್ಣ ಮುಂದೆ ಬಂತು. ಬಾಬಾರ ಉದ್ದ ನಿಲುವಂಗಿ ಹಿಡಿದು ಎಳೆದು, "ಬಾಬಾ, ಹಾರ್! ಹಾರ್!" ಎಂದು ಕೂಗಿದೆ. ಹಾರ್ ಎಂದರೆ ಬಿಸಿ. ಬಾಬಾ ಬಗ್ಗಿ ನೀಲಿಯದನ್ನು ಮುಟ್ಟಿದರು, ನಿಧಾನಕ್ಕೆ ನಡೆದು ಹೋಗಿ ಕೆಂಪನ್ನೂ ಮುಟ್ಟಿದರು. ಖಾನ್ ಭಾಯಿ ಆಕಾಶ ನೋಡತೊಡಗಿದ. ಬಾಬಾ ಪಪ್ಪನ ಕಡೆ ತಿರುಗಿ, ಇದು ನಿನಗೆ ಗೊತ್ತಾಗಲಿಲ್ಲವೇ, ನಿನಗೆ ನಿಜಕ್ಕೂ ಟ್ರ್ಯಾಕ್ಟರ್ ಗೊತ್ತೇ ಎಂದು ಕೇಳಿದರು. ಪಪ್ಪನ ಕಿವಿಯೆಲ್ಲ ಕೆಂಪಾಯಿತು. ಅವರು ಮಮ್ಮಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, ಆ ದೇಶದಲ್ಲಿ ಕಳೆದ ಅಷ್ಟೂ ವರ್ಷದಲ್ಲಿ ಮೊದಲ ಸಲ, "ಮಾ ಅದ್ರಿ, ಬಾಬಾ," ಎಂದರು. ನನಗೆ ಗೊತ್ತಿಲ್ಲ. ನಮ್ಮ ಕಥೆ ಅಲ್ಲಿಗೆ ಮುಗಿಯಿತೆಂದು ನಾನು ಅಳಲು ಸಿದ್ಧಳಾದೆ. ಬಾಬಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಗಿಡುಗದ ಕಾಲದಿಂದಲೂ ಈ ಮಾತಿಗೇ ಕಾಯುತ್ತಿದ್ದೆ ಮಾರಾಯ ಎಂಬರ್ಥದಲ್ಲಿ ಏನೋ ಹೇಳಿ ಪಪ್ಪನ ಬೆನ್ನಿಗೆ ಗುದ್ದಿದರು. ನಾಳೆ ಬೆಳಗಿನ ನಮಾಜು ಮುಗಿದೊಡನೆ ಬರುತ್ತೇವೆ, ಯಾವುದನ್ನೂ ಮುಟ್ಟಕೂಡದು ಎಂದು ಖಾನ್ ಭಾಯಿಗೆ ತಾಕೀತು ಮಾಡಿದರು.

ಮರುದಿನ ಎಂಥ ಚಳಿ! ಮೊದಲು ಮಮ್ಮಿ ಎರಡೂ ಎಂಜಿನ್ ಮುಟ್ಟಿ ನೋಡಿ ತಲೆಯಾಡಿಸಿದಳು. ನೀಲಿ ಮದುಮಗ ಗೊರಗೊರ ಎಂದ, ನರಳಿದ, ಹತ್ತು ಸಲ ತಿರುಗಿಸಿದ ಮೇಲೆ ಇಡೀ ಅಂಗಳಕ್ಕೆ ಬಿಳಿ ಹೊಗೆ ಉಗುಳಿ ಸುಮ್ಮನಾದ. ಕೆಂಪಿನದು ಎರಡು ಸಲ ಕೆಮ್ಮಿ, ಒಂದುಂಡೆ ಕಪ್ಪು ಹೊಗೆ ಬಿಟ್ಟು, ಟುಕು ಟುಕು ಎಂದು ಓಡತೊಡಗಿತು. ಆಗ ಪಪ್ಪ ತಮಗೆ ನಿಜವಾಗಿ ಗೊತ್ತಿದ್ದ ಕೆಲಸ ಮಾಡಿದರು. ಎಸಿಯ ಕಂಪ್ರೆಸರ್ ಕೇಳಿ ಕೇಳಿ ಪಳಗಿದ ಕಿವಿ ಅವರದು. ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಬಹಳ ಹೊತ್ತು ಆಲಿಸಿ, "ಒಳಗೆ ಎಂತದೂ ತೊಂದರೆ ಇಲ್ಲ. ಹೊಟ್ಟೆ ತಣ್ಣಗುಂಟು ಇದರದ್ದು," ಎಂದರು. ನಾನು ಕುಣಿದು ಕುಪ್ಪಳಿಸಿ ಗ್ರೀಸಿನ ಡಬ್ಬದ ಮೇಲೆ ಬಿದ್ದೆ. ಯಾರೂ ಬೈಯಲಿಲ್ಲ. ಅಂದು ಮನೆಗೆ ಬಂದ ಕೂಡಲೇ ಪಪ್ಪ ಟ್ರಂಕನ್ನು ಅಟ್ಟಕ್ಕೇರಿಸಿದರು.

ಆ ತೋಟದಲ್ಲಿ ನಾವಿದ್ದದ್ದು ಆರೇ ತಿಂಗಳು. ನನ್ನ ಬಾಲ್ಯ ಎಂದರೆ ಅಷ್ಟೇ ಎನ್ನಿಸುವಷ್ಟು ದೊಡ್ಡ ಆರು ತಿಂಗಳು. ಬೆಳಿಗ್ಗೆ ಮಮ್ಮಿ ಎಂಜಿನ್ನಿಗೆ ಕೈಯಿಟ್ಟು "ಎದ್ದೆಯಾ?" ಎಂದು ಕೇಳದೆ ಪಪ್ಪ ಕೀಲಿ ತಿರುಗಿಸುವ ಹಾಗಿರಲಿಲ್ಲ. ನಾನು ಮಡ್‌ಗಾರ್ಡಿನ ಮೇಲೆ ಕೂತು ಹೊಲಕ್ಕೆ ಹೋಗುತ್ತಿದ್ದೆ. ಬರುವಾಗ ಟ್ರೈಲರಿನ ಮೇವಿನ ರಾಶಿಯ ಮೇಲೆ ಮಲಗಿ ಬರುತ್ತಿದ್ದೆ. ಮಾಂಸಕ್ಕೆ ಹೋಗುವ ಕರುಗಳಿಗೆ ಹೆಸರಿಡಬೇಡ ಎಂದು ಪಪ್ಪ ಹೇಳುತ್ತಲೇ ಇದ್ದರು, ಮಮ್ಮಿ ಇಡುತ್ತಲೇ ಇದ್ದಳು. ಬಾಬಾ ಸಂಜೆ ಖರ್ಜೂರ ತಂದು, ಟ್ರೈಲರಿನ ಅಂಚಿನಲ್ಲಿ ಕೂತು, ಮಮ್ಮಿ ಮಾಡಿದ ನೀರುದೋಸೆಯನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಿದ್ದರು. ಅವರು ಬೇಕೆಂದೇ ಪಪ್ಪನಿಗೆ ಇಲ್ಲದ ಪ್ರಶ್ನೆ ಕೇಳುವರು. ಪಪ್ಪ "ಮಾ ಅದ್ರಿ" ಎಂದೊಡನೆ ಇಬ್ಬರೂ ಹೋ ಎಂದು ನಗುವರು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಆ ದಿನಗಳನ್ನು ಇಲ್ಲಿ ಹರಡಲಾರೆ. ಬಾಬಾ ಕರುಗಳನ್ನು ಒಂದೊಂದಾಗಿ ಕೊಯ್ಯಿಸಿ ಸುತ್ತಲ ಮನೆಗಳಿಗೆ ಹಂಚಿದರು. ಮಮ್ಮಿ ಒಂದೊಂದರ ಹೆಸರೂ ಹೇಳಿ ಅತ್ತಳು. ಕೆಂಪು ಟ್ರ್ಯಾಕ್ಟರ್ ಮನೆಮನೆಗೆ ನೀರು ಎಳೆಯಿತು. ಸೆಪ್ಟೆಂಬರಿನಲ್ಲಿ ನಮ್ಮ ಊರಿನವರು ಬಸ್ಸುಗಳಲ್ಲಿ ದೇಶ ಬಿಟ್ಟು ಹೊರಡುತ್ತಿದ್ದಾರೆಂದು ತಿಳಿದಾಗ, ಅದೇ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಟ್ರಂಕಿನ ಮೇಲೆ ಕೂತು ನಾವು ಬಸ್ಸಿನವರೆಗೆ ಹೋದೆವು. ಆ ಬೆಳಿಗ್ಗೆಯೂ ಮಮ್ಮಿ ಎಂಜಿನ್ನಿಗೆ ಕೈಯಿಟ್ಟಳು, ಏನೂ ಕೇಳಲಿಲ್ಲ. ಅದು ಒಂದೇ ಏಟಿಗೆ ಎದ್ದಿತು. ಬಸ್ಸಿನಲ್ಲಿ ಒಬ್ಬೊಬ್ಬರೇ ಕೂತ ಗಂಡಸರು, ಊರಿನಲ್ಲಿರುವ ಹೆಂಡತಿಗೆ ತಾವು ಬದುಕಿರುವ ಸುದ್ದಿಯನ್ನೂ ತಲುಪಿಸಲಾಗದೆ ಒದ್ದಾಡುತ್ತಿದ್ದರು. ಅಂದು ನೀಲಿಯದನ್ನು ಕೊಂಡಿದ್ದರೆ, ನಮ್ಮಿಬ್ಬರನ್ನು ಎಂದೋ ಊರಿಗೆ ಕಳಿಸಿ, ಪಪ್ಪನೂ ಹಾಗೆಯೇ ಕೂತಿರುತ್ತಿದ್ದರು. ನಾವು ಮೂವರೂ ಒಂದೇ ಸೀಟಿನಲ್ಲಿ ಒತ್ತಿ ಕೂತಿದ್ದೆವು. ಟ್ರ್ಯಾಕ್ಟರನ್ನು ಹಿಂದಕ್ಕೆ ಒಯ್ಯಲು ಬಂದಿದ್ದ ಬಾಬಾ ಕಿಟಕಿಯ ಕೆಳಗೆ ನಿಂತು, ತಿರುಗಿ ಬರುತ್ತೀಯಾ ಎಂದು ಪಪ್ಪನನ್ನು ಕೇಳಿದರು. "ಮಾ ಅದ್ರಿ, ಬಾಬಾ," ಎಂದರು ಪಪ್ಪ. ಈ ಸಲ ಇಬ್ಬರೂ ನಗಲಿಲ್ಲ.

1991ರ ಕೊನೆಗೆ ಪಪ್ಪ ಒಬ್ಬರೇ ಮತ್ತೆ ಹೋದರು. ಅವರ ಮೊದಲ ಕಾಗದವನ್ನು ಮಮ್ಮಿ ಜಗಲಿಯಲ್ಲಿ ಕೂತು ನನಗೆ ಓದಿ ಹೇಳಿದಳು. ತೋಟ ಒಣಗಿದೆ. ಮನೆಗೆ ಮಾಡು ಇಲ್ಲ. ಟ್ರ್ಯಾಕ್ಟರನ್ನು ಯಾರು ಒಯ್ದರೋ ಗೊತ್ತಿಲ್ಲ. ಅದು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆ ಸೋರಿದ ಕಪ್ಪು ಕಲೆಯೊಂದೇ ಉಳಿದಿದೆ. ಬಾಬಾ ಇದ್ದಾರೆ, ಬಹಳ ಸೊರಗಿದ್ದಾರೆ. ಪಪ್ಪನನ್ನು ಕರೆದುಕೊಂಡು ಹೋಗಿ ಆ ಕಲೆ ತೋರಿಸಿದರಂತೆ. ಕಷ್ಟಪಟ್ಟು ಮಂಡಿಯೂರಿ, ಮಮ್ಮಿ ಮಾಡುತ್ತಿದ್ದ ಹಾಗೆಯೇ ಅದರ ಮೇಲೆ ಅಂಗೈ ಒತ್ತಿ, "ಬಾರಿದ್," ಎಂದರಂತೆ. ತಣ್ಣಗಿದೆ.

ಅಷ್ಟು ಓದಿ ಮಮ್ಮಿ ಕಾಗದವನ್ನು ಮಡಿಸಿದಳು. ಆಮೇಲೆ ತನಗೇ ತಿಳಿಯದ ಹಾಗೆ, ಜಗಲಿಯ ನೆಲಕ್ಕೆ ಕೈಯಿಟ್ಟು ನೋಡಿದಳು.