ಏಪ್ರಿಲ್ ಒಂದರ ಪಾವತಿ

ನನಗೊಂದು ದುರಭ್ಯಾಸವಿದೆ: ಸಂಘದ ವರ್ಗಣಿಯನ್ನು, ಅಂದರೆ ವರ್ಷದ ಚಂದಾವನ್ನು, ಯಾರೂ ಕೇಳದೆಯೇ ಕೊಡುತ್ತೇನೆ. ಏಪ್ರಿಲ್ ಒಂದನೇ ತಾರೀಖು, ಗೋಕಾಕದ ನಮ್ಮ ನಿವೃತ್ತ ನೌಕರರ ಸಂಘದ ಕಚೇರಿ ತೆರೆಯುವ ಮೊದಲೇ, ಸರಿಯಾದ ಚಿಲ್ಲರೆ ಹಿಡಿದು ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಅದು ಮೂರ್ಖರ ದಿನವೆಂದು ನೆನಪಾಗುವುದು ಪಾವತಿ ಚೀಟಿ ಕೈಗೆ ಬಂದ ಮೇಲೆ. ಮೂವತ್ತು ವರ್ಷ ಶಾಲೆಯ ಗಂಟೆಗೆ ಸರಿಯಾಗಿ ನಡೆದ ಹೆಡ್‌ಮಾಸ್ತರನ ಕಾಲುಗಳಿಗೆ ಅಷ್ಟೆಲ್ಲ ತಿಳಿಯುವುದಿಲ್ಲ.

ಉಳಿದ ಸದಸ್ಯರು ಜಾಣರು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನವರು ಪ್ರತಿ ವರ್ಷದ ಚುನಾವಣೆಯವರೆಗೆ ಕಾಯುತ್ತಾರೆ. ಬಾಕಿ ಇದ್ದವರಿಗೆ ಮತವಿಲ್ಲ ಎಂಬುದು ನಿಯಮ. ಆದ್ದರಿಂದ ಅಧ್ಯಕ್ಷರಾಗಬಯಸುವವರು ಅವರ ಬಾಕಿ ತುಂಬುವುದು ಪದ್ಧತಿ. ಬಾಕಿದಾರನ ಮನೆಗೆ ಕಾರು ಬರುತ್ತದೆ, ಮೊಣಕಾಲು ನೋವಿನ ವಿಚಾರಣೆಯಾಗುತ್ತದೆ, ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಯಲ್ಲಿ ಹೋಳಿಗೆ ಊಟವಾಗುತ್ತದೆ. ಬಾಕಿ ಇಲ್ಲದವನಿಗೆ ಮೊಣಕಾಲುಗಳಿವೆಯೆಂಬುದೇ ಯಾರಿಗೂ ನೆನಪಿರುವುದಿಲ್ಲ. ಯಾರ ಮುಂದೆಯೂ ಕೈಚಾಚಬಾರದೆಂದು ಹಿಂದಿನವರು ಪಗಾರದಲ್ಲಿ ನಾಲ್ಕು ಕಾಸು ತೆಗೆದಿಟ್ಟು ಸಂಘ ಕಟ್ಟಿದರು. ನಾವು ಆ ನಾಲ್ಕು ಕಾಸಿಗೇ ಕೈಚಾಚಿ ಅದನ್ನು ಒಗ್ಗಟ್ಟು ಎನ್ನುತ್ತೇವೆ.

ಈ ಸಲದ ಚುನಾವಣೆ ನನ್ನ ಬೆಳಗಿಗೇ ಕೈಹಾಕಿತ್ತು. ಅಧ್ಯಕ್ಷಗಿರಿಗೆ ನಿಂತ ಮಲಗೌಡರು, ಗೆದ್ದರೆ ಸಂಘದ ವಾಚನಾಲಯ ಮುಚ್ಚಿ ಆ ಕೋಣೆಯನ್ನು ಮೊಬೈಲ್ ಅಂಗಡಿಗೆ ಬಾಡಿಗೆ ಕೊಡುವವರಿದ್ದರು. ದಿನಾಲು ಏಳರಿಂದ ಎಂಟೂವರೆಯವರೆಗೆ ನಾನು ಪತ್ರಿಕೆ ಓದುವ ಕೋಣೆ ಅದು. ಉಳಿಸಿಕೊಳ್ಳಲು ನನ್ನ ಬಳಿ ಇದ್ದದ್ದು ಒಂದೇ ಮತ.

ಮತದ ದಿನ ಹೋಗಿ ನೋಡಿದರೆ ಮತದಾರರ ಯಾದಿಯಲ್ಲಿ ನನ್ನ ಹೆಸರೇ ಇಲ್ಲ! ಮೂಡಲಗಿಯ ಬಸಪ್ಪನವರು ನಮ್ಮ ಕಾರ್ಯದರ್ಶಿ. ಚುನಾವಣೆಯ ತಿಂಗಳ ಪಾವತಿ ಪುಸ್ತಕವೊಂದನ್ನೇ ನೋಡಿ ಯಾದಿ ಬರೆದಿದ್ದರು.

“ಏಪ್ರಿಲ್‌ದಾಗ ಯಾರ ಕೊಡತಾರ್ರಿ ಗುರುಗಳ?” ಎಂದರು.

“ನಾ ಕೊಟ್ಟೇನಿ. ಪಾವತಿ ನೋಡ್ರಿ, ನಿಮ್ಮದ ಸಹಿ ಐತಿ.”

“ಸಹಿ ನಂದ ಖರೆ. ಆದ್ರ ಏಪ್ರಿಲ್ ಪುಸ್ತಕ ಕಪಾಟಿನ್ಯಾಗ ಐತಿ, ಕಪಾಟಿನ ಕೀಲಿ ಹುಕ್ಕೇರಿ ಖಜಾಂಚಿ ಕಡೆ ಐತಿ. ಪುಸ್ತಕ ನೋಡದ ಹೆಂಗ ಬರಕೊಳ್ಳಲಿ?”

ಅಷ್ಟರಲ್ಲಿ ಮಲಗೌಡರೇ ನಗುತ್ತ ಬಂದರು. “ಇರ್ಲಿ ಬಿಡ್ರಿ ಗುರುಗಳ, ನಿಮ್ಮ ವರ್ಗಣಿ ನಾ ತುಂಬತೇನಿ. ಅಂದಂಗ, ಮೊಣಕಾಲ ಹೆಂಗ ಅದಾವು?”

ಸಂಘ ಸೇರಿದ ಮೇಲೆ ಮೊದಲ ಸಲ ನನ್ನ ಮೊಣಕಾಲುಗಳ ವಿಚಾರಣೆಯಾಗಿತ್ತು. ಒಂದು ಕ್ಷಣ ಅವು ಸುಖದಿಂದ ನೋಯತೊಡಗಿದವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

“ಅವು ಇನ್ನೂ ನನ್ನ ಹೊತ್ತಕೊಂಡ ಅಡ್ಡಾಡ್ತಾವ್ರಿ,” ಎಂದು ಹೇಳಿ, ನನ್ನ ಕಿಸೆಯಿಂದಲೇ ಎರಡನೆಯ ಸಲ ವರ್ಗಣಿ ಕೊಟ್ಟೆ. ಹೆಸರು ಯಾದಿಗೇರಿತು; ಮತ ಹಾಕಿದೆ. ಮಲಗೌಡರು ಒಂದೇ ಮತದಿಂದ ಸೋತರು.

ಮರುದಿನ ಏಳಕ್ಕೆ ವಾಚನಾಲಯದಲ್ಲಿ ಕುಳಿತಿದ್ದಾಗ ಬಸಪ್ಪನವರು ಬಂದರು. ಕೀಲಿ ಸಿಕ್ಕಿತ್ತಂತೆ. “ಗುರುಗಳ, ನಿಮ್ಮದು ಎರಡ ಸಲ ಆಗೇತಿ. ಹೆಚ್ಚಿಂದು ಮುಂದಿನ ವರ್ಷಕ್ಕ ಜಮಾ ಮಾಡೇನಿ,” ಎಂದು ಉಪಕಾರ ಮಾಡಿದವರಂತೆ ನಕ್ಕರು.

ಅಂದರೆ ಮುಂದಿನ ಚುನಾವಣೆಯ ತಿಂಗಳ ಪುಸ್ತಕದಲ್ಲೂ ನನ್ನ ಪಾವತಿ ಇರುವುದಿಲ್ಲ, ಯಾದಿಯಲ್ಲೂ ನನ್ನ ಹೆಸರು ಇರುವುದಿಲ್ಲ. ಆಗಲಾದರೂ ಜಾಣನಾಗಿ ಬಾಕಿ ಉಳಿಸಿಕೊಳ್ಳೋಣವೆಂದರೆ, ಉಳಿಸಿಕೊಳ್ಳಲು ನನ್ನಲ್ಲಿ ಬಾಕಿಯೇ ಇಲ್ಲ.